ತಂಬೂರಿಯ ಜೀವ

ಕೋಲ್ಕತ್ತಾದ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಸಂಗೀತಕ್ಕೆ ಕುಳಿತರೆ ಈಗ ಶ್ರುತಿ ಹಿಡಿಯುವುದು ಡಬ್ಬಿ, ಇಲ್ಲವೇ ಫೋನು. ತಂಬೂರಿ ಬೀರುವಿನ ಮೇಲೆ ಗವುಸು ಹೊದ್ದು ಮಲಗಿದೆ.

ಆ ತಂಬೂರಿಯ ನಾದದ ಗುಟ್ಟನ್ನು ವಿಜ್ಞಾನ ಕೆದಕಿದ್ದು ಇದೇ ಊರಿನಲ್ಲಿ. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಸಿ. ವಿ. ರಾಮನ್, ಕಚೇರಿಯ ಹೊತ್ತಿನ ಆಚೀಚೆ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆಸುತ್ತಿದ್ದರು. (ಕಚೇರಿ ಮುಗಿಸಿ ನಾವೇನು ಮಾಡುತ್ತೇವೆಂದು ಕೇಳಬೇಡಿ!) ತಂತಿಯನ್ನು ಮೀಟಿದ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಐರೋಪ್ಯರ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ಗಟ್ಟಿಯಾಗಿ ಕೇಳುತ್ತವೆಂದು ರಾಮನ್ 1921ರ ಲೇಖನದಲ್ಲಿ ತೋರಿಸಿದರು. ಕಾರಣ, ಬಾಗಿದ ಅಗಲ ಕುದುರೆ. ತಂತಿ ಅದನ್ನು ಸವರುತ್ತ ಕಂಪಿಸುತ್ತದೆ. ತಂಬೂರಿಯಲ್ಲಿ ಅವೆರಡರ ನಡುವೆ ಇಡುವ ನೂಲನ್ನು ನಮ್ಮ ಹಿರಿಯರು 'ಜೀವ' ಎಂದದ್ದು ಸುಮ್ಮನೆ ಅಲ್ಲ.

1979ರಲ್ಲಿ ಬೆಂಗಳೂರಿನ ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಸಿದ್ಧಪಡಿಸಿದರು. ಮೊದಲಿನವು ನಾದವನ್ನು ವಿದ್ಯುತ್ತಿನಿಂದಲೇ ಹುಟ್ಟಿಸುತ್ತಿದ್ದವು. ಮುಂದೆ ನಿಜ ತಂಬೂರಿಯ ಧ್ವನಿ ಮುದ್ರಿಸಿಕೊಂಡು ಅದನ್ನೇ ಸುತ್ತಿಸುತ್ತ ನುಡಿಸುವ ಡಬ್ಬಿಗಳು ಬಂದವು. ಊರೂರಿಗೆ ವರ್ಗವಾಗುವ ನಮ್ಮಂಥವರಿಗೆ ಅದು ಉಪಕಾರವೇ. ರೈಲಿನಲ್ಲಿ ಬುರುಡೆ ಒಡೆದ ದುಃಖ ನಮಗೆ ಗೊತ್ತು. ಆದರೂ ಮುದ್ರಿಸಿದ ಮೀಟು ಪ್ರತಿ ಸುತ್ತಿಗೂ ಅದೇ ಮೀಟು. ಬೆರಳಿನದು ಹಾಗಲ್ಲ. ತಂತಿ ಕೊಂಚ ಇಳಿದರೆ ಕಿವಿ ಎಚ್ಚರಗೊಳ್ಳುತ್ತದೆ, ಕೈ ಬಿರಡೆಗೆ ಹೋಗುತ್ತದೆ. ನಮ್ಮ ಮಕ್ಕಳಿಗೆ ಆ ಕಿವಿ ಬಾರದೆ ಹೋದೀತೆಂಬುದೇ ಭಯ.

ಕಳೆದ ಭಾನುವಾರ ಗವುಸು ತೆಗೆದೆವು. ಎರಡು ತಂತಿಗಳಿಗೆ ತುಕ್ಕು. ನೂಲು ಮಾತ್ರ ಹೊಲಿಗೆ ಪೆಟ್ಟಿಗೆಯಲ್ಲಿ ಸಿಕ್ಕಿತು.