ಎಡಗಾಲಿನ ವಿದ್ಯೆ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ದಕ್ಷಿಣ ಕ್ಯಾಲಿಫೋರ್ನಿಯದ ಮುರಾಕ್, ಎಲ್ ಮಿರಾಜ್ ಮೊದಲಾದ ಬತ್ತಿದ ಸರೋವರಗಳ ಗಟ್ಟಿನೆಲದ ಮೇಲೆ, ತಮ್ಮ ಕೈಯಾರೆ ತಿದ್ದಿದ ಹಳೆಯ ಫೋರ್ಡ್ ಕಾರುಗಳನ್ನು ಓಡಿಸುತ್ತಿದ್ದ ತರುಣರಿಗೆ ಗರಿಷ್ಠ ವೇಗವೊಂದೇ ಲಕ್ಷ್ಯವಾಗಿತ್ತು. ಎದುರಿಗೆ ಮೈಲಿಗಟ್ಟಲೆ ಬಯಲಿದ್ದು, ವೇಗವನ್ನಳೆಯುವ ಎಲ್ಲೆಯನ್ನು ಮುಟ್ಟುವ ಹೊತ್ತಿಗೆ ಕಾರು ತನ್ನ ಪೂರ್ಣ ಗತಿಯನ್ನು ಪಡೆದಿರುತ್ತಿದ್ದುದರಿಂದ, ಹೊರಡುವ ಕ್ಷಣಕ್ಕೆ ಅಲ್ಲಿ ವಿಶೇಷವಾದ ಬೆಲೆಯಿರಲಿಲ್ಲ.

ಯುದ್ಧಾನಂತರ ಈ ಪಂದ್ಯವು ವಿಮಾನನಿಲ್ದಾಣಗಳ ಓಟಪಟ್ಟಿಗೆ ಬಂದಾಗ ಲೆಕ್ಕವೇ ಬೇರೆಯಾಯಿತು. 1950ರಲ್ಲಿ ಸಾಂಟಾ ಆನಾದಲ್ಲಿ ಸಿ. ಜೆ. ಹಾರ್ಟ್ ಮತ್ತವರ ಜೊತೆಗಾರರು ಪಂದ್ಯಗಳನ್ನು ಕ್ರಮವಾಗಿ ನಡೆಸತೊಡಗಿದರು. ಮರುವರ್ಷ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದರು. 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡಿನಲ್ಲಿ ಸಂಘದ ಮೊದಲ ರಾಷ್ಟ್ರೀಯ ಸ್ಪರ್ಧೆ ಜರುಗಿತು. ಈ ಪಂದ್ಯಗಳಲ್ಲಿ ದೂರವು ಕಾಲು ಮೈಲಿ, ಎಂದರೆ 1,320 ಅಡಿ ಮಾತ್ರ. ನಿಂತ ನೆಲದಿಂದ ಹೊರಟು ಎದುರಾಳಿಗಿಂತ ಮೊದಲು ಕ್ರಮಿಸಬೇಕಾದ ಇಷ್ಟು ಕಿರಿದಾದ ಹಾದಿಯಲ್ಲಿ, ಮೊದಲ 60 ಅಡಿಗಳೊಳಗೆ ಕಳೆದುಕೊಂಡದ್ದನ್ನು ಉಳಿದ ದಾರಿಯಲ್ಲಿ ಮರಳಿ ಸಂಪಾದಿಸುವುದು ದುಸ್ಸಾಧ್ಯವಾಗಿತ್ತು.

ನಿಂತ ಕಾರನ್ನು ಹೊರಡಿಸುವ ಈ ವಿದ್ಯೆಗೆ ಕಠಿನವಾದ ಪರೀಕ್ಷೆ ಒದಗಿದ್ದು ಡೆಟ್ರಾಯಿಟಿನ ಕಾರು ಕಂಪೆನಿಗಳು ಸಾಧಾರಣ ಕಾರಿನ ಒಡಲಲ್ಲಿ ಅಸಾಧಾರಣ ಎಂಜಿನ್ನನ್ನಿಟ್ಟು ಮಾರತೊಡಗಿದಾಗ. 1964ರ ಪಾಂಟಿಯಾಕ್ ಜಿಟಿಒ ಕಾರಿನ ಎಂಜಿನ್ 389 ಘನ ಅಂಗುಲಗಳದು. ಮೂರು ಕಾರ್ಬ್ಯುರೇಟರುಗಳನ್ನು ಜೋಡಿಸಿದರೆ ಕಂಪೆನಿ ಹೇಳುತ್ತಿದ್ದ ಶಕ್ತಿ 348 ಅಶ್ವಶಕ್ತಿ. ಆದರೆ ಕಾರಿನೊಡನೆ ಬರುತ್ತಿದ್ದ ಸಪುರವಾದ ಟೈರುಗಳಿಗೆ ಅಷ್ಟು ಬಲವನ್ನು ನೆಲಕ್ಕೊಪ್ಪಿಸುವ ಸಾಮರ್ಥ್ಯವಿರಲಿಲ್ಲ. ಜಾರದೆ ಕಚ್ಚಿಕೊಂಡಿರುವ ರಬ್ಬರಿಗೆ ಇರುವ ಹಿಡಿತವು ಗಿರ್ರನೆ ಸುತ್ತತೊಡಗಿದ ರಬ್ಬರಿಗೆ ಇರುವುದಿಲ್ಲವಾದ್ದರಿಂದ, ಒಮ್ಮೆ ಹಿಡಿತ ತಪ್ಪಿದ ಚಕ್ರವನ್ನು ಮತ್ತೆ ಸ್ಥಿಮಿತಕ್ಕೆ ತರಬೇಕಾದರೆ ಆಕ್ಸಲರೇಟರನ್ನು ಸಡಿಲಿಸದೆ ಗತ್ಯಂತರವಿರಲಿಲ್ಲ; ಅಷ್ಟರಲ್ಲಿ ಪಕ್ಕದ ಕಾರು ಮುಂದೆ ಹೋಗಿರುತ್ತಿತ್ತು. ಆದುದರಿಂದ ಬೀದಿಯ ಟೈರಿನವನು ಎಂಜಿನ್ನನ್ನು ಮಿತವಾದ ವೇಗದಲ್ಲಿ ತಿರುಗಿಸುತ್ತ, ಎಡಗಾಲಿನಿಂದ ಕ್ಲಚ್ಚನ್ನು ಅರೆಬರೆ ಹಿಡಿಸಿ, ನೂಲುವವಳ ಬೆರಳು ಎಳೆಯ ಬಿಗುವನ್ನು ಅರಿಯುವಂತೆ ಚಕ್ರದ ಹಿಡಿತವನ್ನು ಪಾದದಲ್ಲಿಯೇ ಅರಿತು, ಕಾರು ಚಲಿಸಿದಷ್ಟೂ ಬಲಗಾಲನ್ನು ಒತ್ತುತ್ತ ಹೋಗಬೇಕಾಗಿತ್ತು.

ಪಂದ್ಯದ ಮೃದುವಾದ ನುಣುಪು ಟೈರುಗಳನ್ನು ತೊಡಿಸಿದಾಗ ವಿಧಾನವು ತಲೆಕೆಳಗಾಗುತ್ತಿತ್ತು. ನೆಲವನ್ನು ಗಟ್ಟಿಯಾಗಿ ಹಿಡಿಯುವ ಆ ಟೈರಿಗೆ ಅಳುಕಿನಿಂದ ಬಲವನ್ನು ನೀಡಿದರೆ ಎಂಜಿನ್ನೇ ಕುಸಿಯುತ್ತಿತ್ತು. ಅದಕ್ಕಾಗಿ ಎಂಜಿನ್ನನ್ನು ಭೋರ್ಗರೆಯುವಷ್ಟು ತಿರುಗಿಸಿ, ಕ್ಲಚ್ ಪೆಡಲಿನ ಮೇಲಿಂದ ಎಡಗಾಲನ್ನು ಪಕ್ಕಕ್ಕೆ ಜಾರಿಸಿ, ಫ್ಲೈವೀಲ್ ಚಕ್ರದಲ್ಲಿ ಸಂಚಿತವಾದ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯುವುದು ರೂಢಿಯಾಯಿತು. ಅದರ ಬೆಲೆಯನ್ನು ಲೋಹವು ತೆರಬೇಕಾಯಿತು: ಆಕ್ಸಲ್ಲುಗಳು ಮುರಿದವು, ಗೇರಿನ ಹಲ್ಲುಗಳು ಉದುರಿದವು, ಕ್ಲಚ್ಚುಗಳು ಸಿಡಿದು ಚೂರುಗಳು ಕಾರಿನ ನೆಲವನ್ನೇ ಸೀಳಿದವು, ಚಾಲಕನ ಕಾಲುಗಳ ರಕ್ಷಣೆಗಾಗಿ ಕ್ಲಚ್ಚಿನ ಸುತ್ತ ಉಕ್ಕಿನ ಕವಚವು ಅನಿವಾರ್ಯವಾಯಿತು. ಹಿಂದಿನ ಪಟ್ಟಿ ಸ್ಪ್ರಿಂಗುಗಳು ತಿರುಚಿಕೊಂಡು ಚಕ್ರವು ಕುಪ್ಪಳಿಸುವುದು ಮತ್ತೊಂದು ಕಾಟ. ಎಂಜಿನ್ನಿನ ಬಲವನ್ನು ಹಿಂದಕ್ಕೊಯ್ಯುವ ತಿರುಗುದಂಡದ ಪ್ರತಿಕ್ರಿಯೆಯಿಂದ ಬಲಬದಿಯ ಹಿಂಚಕ್ರವು ಹಗುರಾಗುವುದನ್ನು ಬಲ್ಲ ಕ್ರೈಸ್ಲರ್ ಎಂಜಿನಿಯರರು ಎಡ ಬಲಗಳ ಸ್ಪ್ರಿಂಗುಗಳನ್ನು ಬೇರೆಬೇರೆಯಾಗಿಯೇ ರೂಪಿಸಿದರು.

ಹೊರಡಲು ಧ್ವಜವನ್ನೆತ್ತಿ ಸನ್ನೆಮಾಡುವ ಮನುಷ್ಯನಿಗೆ ಬದಲಾಗಿ 1963ರಲ್ಲಿ ದೀಪಸ್ತಂಭವು ಬಂದಿತು. ಹಳದಿ ದೀಪಗಳು ಅರ್ಧ ಸೆಕೆಂಡಿಗೊಂದರಂತೆ ಇಳಿದುಬರುವಾಗ, ಹಸಿರಿಗಾಗಿ ಕಾದವನು ಸೋತಂತೆಯೇ. ಕೊನೆಯ ಹಳದಿಯಲ್ಲಿಯೇ ಎಡಗಾಲು ಕದಲಬೇಕು.

ಈ ಎಲ್ಲ ಅಂಶಗಳೂ ಒಬ್ಬನಲ್ಲಿ ಸೇರಿಬಂದ ಉದಾಹರಣೆಯೆಂದರೆ ಉತ್ತರ ಕ್ಯಾರೊಲಿನಾದ ಬರ್ಲಿಂಗ್ಟನ್ನಿನ ರಾನಿ ಸಾಕ್ಸ್. ಬಡ್ಡಿ ಮಾರ್ಟಿನ್ನರ ಜೊತೆಗೂಡಿ ನಡೆಸಿದ ತಂಡದಲ್ಲಿ ಅವರು ನಾಲ್ಕು ಗೇರಿನ ಕಾರನ್ನು ಓಡಿಸುತ್ತಿದ್ದ ರೀತಿಗೆ ಅಂದಿನ ಪಂದ್ಯಪ್ರಪಂಚವು ತಲೆದೂಗಿತ್ತು. ಗೇರು ಬದಲಿಸುವಾಗ ಬಲಗಾಲನ್ನು ಸಡಿಲಿಸದೆ, ಕ್ಷಣಾರ್ಧದಲ್ಲಿ ಕೈಯನ್ನೂ ಎಡಗಾಲನ್ನೂ ಏಕಕಾಲಕ್ಕೆ ಆಡಿಸುವ ಅವರ ಲಯವನ್ನು ನಾನು ಪೂರ್ಣಾರ್ಥದಲ್ಲಿ ಕಲೆಯೆಂದೇ ಕರೆಯುತ್ತೇನೆ. ಅರವತ್ತರ ದಶಕದ ಕೊನೆಯಲ್ಲಿ ಪ್ಲಿಮತ್ ಮಾರಾಟಗಾರರ ಅಂಗಡಿಗಳಲ್ಲಿ ಈ ತಂಡವು ಸಾಮಾನ್ಯ ಕಾರುಕೊಳ್ಳುವವರಿಗೆ ಪಾಠ ಹೇಳುತ್ತ ತಿರುಗಿತೆಂಬುದು ಅದಕ್ಕಿಂತಲೂ ಮಾನ್ಯವಾದ ಸಂಗತಿ. ವಿದ್ಯೆಯನ್ನು ಬಚ್ಚಿಡುವುದು ಲಾಭದಾಯಕವಾಗಿದ್ದ ಕ್ಷೇತ್ರದಲ್ಲಿ ಅದು ಅಂಗಡಿಯ ಬಾಗಿಲಲ್ಲಿ ಹಂಚಲ್ಪಟ್ಟಿತು. 1970ರಲ್ಲಿ ಕ್ಯಾಲಿಫೋರ್ನಿಯದ ಪೊಮೋನಾದಲ್ಲಿ ಪ್ರೊ ಸ್ಟಾಕ್ ವರ್ಗವು ಆರಂಭವಾದಾಗ, ಅಂತಿಮ ಸ್ಪರ್ಧೆಯಲ್ಲಿ ಅದೇ ಸಾಕ್ಸರನ್ನು ತಮ್ಮ ಕ್ಯಾಮರೋ ಕಾರಿನಲ್ಲಿ ಸೋಲಿಸಿದವರು ಬಿಲ್ ಜೆಂಕಿನ್ಸ್.

ಈ ವಿದ್ಯೆಯ ಅನಂತರದ ಇಳಿತಕ್ಕೆ ಕಾರಣಗಳು ಹಲವು. ವಿಮೆಯ ದರಗಳೂ ಹೊಗೆಯ ಮೇಲಿನ ಕಾನೂನುಗಳೂ 1973ರ ತೈಲಸಂಕಟವೂ ಬೀದಿಯ ಬಲಶಾಲಿ ಕಾರುಗಳನ್ನು ತೆರೆಮರೆಗೆ ಸರಿಸಿದವು. ಪ್ರೊ ಸ್ಟಾಕಿನಲ್ಲಿ ಲೆಂಕೊ ಗೇರುಪೆಟ್ಟಿಗೆಗಳು ಬಂದು, ಗೇರು ಬದಲಿಸುವಾಗ ಕ್ಲಚ್ಚನ್ನು ಒತ್ತುವ ಅಗತ್ಯವೇ ಇಲ್ಲವಾಯಿತು. ಆದರೂ ರಾಷ್ಟ್ರೀಯ ಸಂಘದ ಸ್ಟಾಕ್ ವರ್ಗಗಳಲ್ಲಿ ಸ್ವಯಂಚಾಲಿತ ಗೇರಿನ ಕಾರುಗಳನ್ನೂ ಕೈಗೇರಿನ ಕಾರುಗಳನ್ನೂ ಪ್ರತ್ಯೇಕವಾಗಿ ಗಣಿಸುವ ಪದ್ಧತಿ ಉಳಿದುಬಂದಿದೆ. ಎಡಗಾಲನ್ನು ನಂಬಿ ಹೊರಡುವವರಿಗೆ ಅಲ್ಲಿ ಇಂದಿಗೂ ಅವರದೇ ಆದ ಸ್ಥಾನವುಂಟು.