ಹಂಪನಕಟ್ಟೆಯ ಗೃಹಸ್ಥನೂ ಹಳೆಯ ರಿವಾಲ್ವರೂ

ಮಂಗಳೂರು ನಗರದ ಮಧ್ಯಭಾಗದಲ್ಲಿರುವ ಹಂಪನಕಟ್ಟೆಗೆ ಪೂರ್ವದಲ್ಲಿ ಅಪ್ಪಣಕಟ್ಟೆಯೆಂಬ ಹೆಸರಿತ್ತೆಂದೂ, ಅಪ್ಪಣ್ಣನೆಂಬವನೊಬ್ಬನು ದಾರಿಗರಿಗೆ ನೀರು ಕೊಡುತ್ತಿದ್ದ ಕಟ್ಟೆಯೇ ಅದೆಂದೂ ಊರವರು ಹೇಳುವರು. ಅಲ್ಲಿಂದ ಸ್ವಲ್ಪವೇ ನಡೆದರೆ ಬಾವುಟಗುಡ್ಡೆಯ ಏರು ಸಿಗುತ್ತದೆ. ಒಂದು ಸ್ಥಳದ ಹೆಸರು ನೀರಿನ ದಾನದಿಂದ ಬಂದಿತು. ಇನ್ನೊಂದರ ಕೀರ್ತಿ ಆಯುಧ ಹಿಡಿದು ಬಂದವರಿಂದ ಬಂದಿತು. ಇವೆರಡರ ನಡುವೆ ಅಂಗಡಿಯನ್ನೋ ಮನೆಯನ್ನೋ ಉಳ್ಳ ಗೃಹಸ್ಥನೊಬ್ಬನ ಮುಂದೆ, ಯಾರೋ ಪರಿಚಿತರು ತಮ್ಮ ತಂದೆಯ ಕಾಲದ ರಿವಾಲ್ವರೊಂದನ್ನು ತಂದಿಟ್ಟು ಕೊಳ್ಳುವಿರಾ ಎಂದು ಕೇಳಿದರೆಂದು ಭಾವಿಸಬಹುದು. ಕ್ರಯವೆಷ್ಟೆಂಬುದೇ ಸಾಮಾನ್ಯವಾಗಿ ಅವನ ಮೊದಲ ಪ್ರಶ್ನೆಯಾಗುವುದು. ಆದರೆ ಈ ನಾಡಿನ ಇತಿಹಾಸವನ್ನು ನೋಡಿದರೆ ಅದು ಕೊನೆಯ ಪ್ರಶ್ನೆಯಾಗತಕ್ಕದ್ದು. ಇಲ್ಲಿ ಆಯುಧವು ಯಾರ ಕೈಯಲ್ಲಿರಬೇಕೆಂಬುದನ್ನು ಹಣವು ಎಂದೂ ನಿರ್ಣಯಿಸಿದ್ದಿಲ್ಲ.

ಅಮೆರಿಕದ ಸ್ಯಾಮ್ಯುಯಲ್ ಕೋಲ್ಟನು ತಿರುಗುವ ಗುಂಡುಮನೆಯ ಪಿಸ್ತೂಲಿಗೆ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಅದರ ಮರುವರ್ಷವೇ ಮಂಗಳೂರು ದಂಗೆಕಾರರ ಕೈಸೇರಿತು. 1834ರಲ್ಲಿ ಕೊಡಗು ಕುಂಪಣಿಯ ವಶವಾದ ಬಳಿಕ ಅಮರಸುಳ್ಯ, ಪುತ್ತೂರು ಮಾಗಣೆಗಳು ಕನ್ನಡ ಜಿಲ್ಲೆಗೆ ಸೇರಿಸಲ್ಪಟ್ಟುವು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ಕಟ್ಟಳೆಯು ರೈತರ ಹೊಟ್ಟೆಗೆ ತಗುಲಿತು. ಕಲ್ಯಾಣಸ್ವಾಮಿಯೆಂದು ಹೆಸರಿಟ್ಟುಕೊಂಡಿದ್ದ ಪುಟ್ಟಬಸಪ್ಪ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಬೆಳ್ಳಾರೆ, ಪುತ್ತೂರು, ಬಂಟವಾಳಗಳನ್ನು ದಾಟಿ ಬಂದ ದಂಡು 1837ರ ಎಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಕಲೆಕ್ಟರ್ ಲೆವಿನ್ ಸಮುದ್ರಮಾರ್ಗವಾಗಿ ಕಣ್ಣಾನೂರಿಗೆ ಹೊರಟುಹೋದನು. ದಂಗೆಕಾರರ ಬಾವುಟವು ಗುಡ್ಡೆಯ ಮೇಲೆ ಏರಿತು. ಎರಡು ವಾರವೂ ತುಂಬುವ ಮೊದಲೇ ಕಣ್ಣಾನೂರಿನಿಂದ ಬಂದ ಸೈನ್ಯವು ಊರನ್ನು ಮರಳಿ ವಶಪಡಿಸಿಕೊಂಡಿತು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿಯೂ ನೇಣಿಗೇರಿಸಿದರು. ರಾಮಯ್ಯಗೌಡನ ಕಂಚಿನ ಪ್ರತಿಮೆಯು ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ನೂರೆಂಬತ್ತೈದು ವರ್ಷಗಳ ತರುವಾಯ.

ಅದೇ ದಂಗೆಯನ್ನು ಅಡಗಿಸಲು ಕುಂಪಣಿಗೆ ನೆರವಾದ ಕೊಡಗಿನ ಪ್ರಮುಖರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳು ದೊರೆತುವು. ಒಂದೇ ಘಟನೆಯಿಂದ ಒಬ್ಬರಿಗೆ ಪದಕ, ಇನ್ನೊಬ್ಬರಿಗೆ ಹಗ್ಗ! ಮುಂದೆ 1857ರ ಮಹಾವಿಪ್ಲವದಲ್ಲಿಯೂ ಕೊಡಗು ಶಾಂತವಾಗಿದ್ದುದರಿಂದ, ದೇಶವನ್ನೆಲ್ಲ ನಿರಾಯುಧಗೊಳಿಸುತ್ತಿದ್ದ ಕಾಲದಲ್ಲಿಯೇ, 1861ರಲ್ಲಿ, ಮುಖ್ಯ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿಯಿತ್ತನು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. ಕೊಡವ ಜನಾಂಗದವರೂ ಜಮ್ಮಾ ಹಿಡುವಳಿದಾರರೂ ಅನುಜ್ಞಾಪತ್ರವಿಲ್ಲದೆ ಕೋವಿ, ರಿವಾಲ್ವರುಗಳನ್ನು ಇಟ್ಟುಕೊಳ್ಳಬಹುದೆಂಬ ಆಜ್ಞೆಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಕೈಲ್‌ಪೊಳ್ದಿನ ದಿನ ಕೊಡವರ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೂ ಘಟ್ಟದ ಕೆಳಗಿನವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯದೆ ಇರದು: ಒಂದು ದಿನದ ಪ್ರಯಾಣದೊಳಗಿನ ಎರಡು ನಾಡುಗಳಲ್ಲಿ ಒಂದೇ ಲೋಹದ ತುಂಡು ಒಂದೆಡೆ ಕುಲದೈವದ ಒಡವೆಯಾಗಿ, ಇನ್ನೊಂದೆಡೆ ಅಪರಾಧದ ಸಾಮಗ್ರಿಯಾಗುವುದು ಹೇಗೆ? ಆಳುವವನ ವಿಶ್ವಾಸ ಯಾರ ಮೇಲಿತ್ತೆಂಬುದರ ಹೊರತು ಇದಕ್ಕೆ ಬೇರೆ ಉತ್ತರವು ಚರಿತ್ರೆಯಲ್ಲಿ ಸಿಗುವುದಿಲ್ಲ.

ಲಾರ್ಡ್ ಲಿಟ್ಟನ್ನನ 1878ರ ಆಯುಧ ಕಾನೂನು ಆ ಅವಿಶ್ವಾಸವನ್ನೇ ಶಾಸನವನ್ನಾಗಿ ಮಾಡಿತು. ಅದರ ಕೆಳಗಣ ನಿಯಮಗಳಲ್ಲಿ ಯೂರೋಪಿಯನ್ನರಿಗೆ ವಿನಾಯಿತಿ, ದೇಶೀಯರಿಗೆ ಅನುಜ್ಞಾಪತ್ರ. ಕಾಂಗ್ರೆಸ್ಸು ತನ್ನ ಆರಂಭದ ವರ್ಷಗಳಲ್ಲಿಯೇ ಇದನ್ನು ಆಕ್ಷೇಪಿಸಿತು. ಸ್ವಾತಂತ್ರ್ಯಾನಂತರ 1959ರ ಕಾನೂನು ಅದರ ಸ್ಥಾನಕ್ಕೆ ಬಂದು 1962ರಿಂದ ಜಾರಿಯಲ್ಲಿದೆ. ಬೆಳೆರಕ್ಷಣೆಗಾಗಿ ಮೂತಿಯಿಂದ ಮದ್ದು ತುಂಬುವ ಕೋವಿಯನ್ನೋ, ಆತ್ಮರಕ್ಷಣೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೋ ಬೇಡಿದವನಿಗೆ, ಅನ್ಯಥಾ ದೋಷವಿಲ್ಲದಿದ್ದರೆ, ಅನುಜ್ಞಾಪತ್ರವನ್ನು ಕೊಡತಕ್ಕದ್ದೆಂದು ಆ ಕಾನೂನು ಹೇಳುತ್ತದೆ. ರಿವಾಲ್ವರಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಬೇಡುವವನು ತಕ್ಕ ಕಾರಣವನ್ನು ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ಸುಳ್ಯದ ಅಡಕೆತೋಟದವನು ಹಂದಿಯ ಹಾವಳಿಯನ್ನು ತೋರಿಸಬಲ್ಲನು. ಹಂಪನಕಟ್ಟೆಯ ವ್ಯಾಪಾರಿಯು ಏನನ್ನು ತೋರಿಸಬೇಕು? ರಾತ್ರಿ ಗಲ್ಲೆಯ ಹಣವನ್ನು ಒಯ್ಯುವ ಭಯವು ಕಾರಣವೇ ಹೌದು. ಅದು ಸಾಕೆ ಎಂಬುದನ್ನು ತೂಗುವವನು ನಗರದ ಪೋಲೀಸ್ ಕಮಿಷನರನು. ಕಮಿಷನರನಿರುವ ಊರುಗಳಲ್ಲಿ ಕಾನೂನಿನ ಮಟ್ಟಿಗೆ ಜಿಲ್ಲಾ ಮ್ಯಾಜಿಸ್ಟ್ರೇಟನೆಂದರೆ ಅವನೇ.

ಕಾರಣವು ಒಪ್ಪಿತವಾಯಿತೆಂದೇ ಇಟ್ಟುಕೊಂಡರೂ, ಮೇಜಿನ ಮೇಲಿರುವ ಆ ಹಳೆಯ ವಸ್ತು ಯಾವುದೆಂಬುದನ್ನು ನೋಡಬೇಕು. ಈ ದೇಶದಲ್ಲಿ ಹಳೆಯ ರಿವಾಲ್ವರೆಂದರೆ ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ವೆಬ್ಲಿ. ಬ್ರಿಟಿಷ್ ಸೈನ್ಯವು ಅದನ್ನು 1887ರಲ್ಲಿ ಅಂಗೀಕರಿಸಿತು; 1915ರಲ್ಲಿ ಆರನೆಯ ಮಾರ್ಕು ಬಂದಿತು. ನಳಿಗೆಯನ್ನು ಕೆಳಕ್ಕೆ ಬಾಗಿಸಿದೊಡನೆ ಎರಡಾಗಿ ತೆರೆದು ಆರು ಖಾಲಿ ತೋಟೆಗಳನ್ನು ಒಮ್ಮೆಗೇ ಹೊರಹಾಕುವ ಅದರ ರಚನೆಯು ನೋಡುವವರಿಗೆ ಇಂದಿಗೂ ಮೋಹಕವಾಗಿದೆ. ಆದರೆ ಸೈನ್ಯದ ಈ ವೆಬ್ಲಿಯು .455 ಬೋರಿನದು. ಆ ತೋಟೆಯನ್ನು ಅಥವಾ .380 ತೋಟೆಯನ್ನು ಹಾರಿಸಬಲ್ಲ ಯಾವ ರಿವಾಲ್ವರಾದರೂ ನಮ್ಮ ನಿಯಮಗಳಲ್ಲಿ ‘ನಿಷಿದ್ಧ ಬೋರು’ ಎಂದು ಗಣಿಸಲ್ಪಟ್ಟಿದೆ. ಸೇನೆಯ ತೋಟೆಯು ಹೊರಗಿನ ಆಯುಧದಲ್ಲಿ ಸಲ್ಲಬಾರದೆಂಬುದು ಇದರ ಹುರುಳು. ಅಂಥದನ್ನು ಇಟ್ಟುಕೊಳ್ಳಲು ಕಮಿಷನರನ ಅನುಜ್ಞೆ ಸಾಲದು, ಕೇಂದ್ರ ಸರಕಾರದ್ದೇ ಬೇಕು. ಅದಿಲ್ಲದೆ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಮೇರೆಗೆ ಏಳು ವರ್ಷಗಳಿಗೆ ಕಡಮೆಯಿಲ್ಲದ ಸೆರೆಮನೆ. ಅಜ್ಜನ ಶೌರ್ಯದ ಕಥೆಯೊಡನೆ ಬರುವ ಆಯುಧವೇ ಹೀಗೆ ಅತ್ಯಂತ ಅಪಾಯಕರವಾದದ್ದು. ಅದೇ ಕಾರ್ಖಾನೆಯು ಮಾಡಿದ ಸಣ್ಣ ಮೈಯ .32 ಬೋರಿನ ನಾಲ್ಕನೆಯ ಮಾರ್ಕಿಗೆ ಈ ತೊಡಕಿಲ್ಲ. ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುವ ರಿವಾಲ್ವರು ಅದರ ಮಾದರಿಯನ್ನೇ ಅನುಸರಿಸಿದ್ದು.

ಹಾಗಾದರೆ ಹೊಸದನ್ನು ಬಿಟ್ಟು ಹಳೆಯದನ್ನು ಜನರು ಅರಸುವುದೇಕೆ? 1980ರ ದಶಕದ ಮಧ್ಯದಿಂದ ಖಾಸಗಿಯವರಿಗಾಗಿ ವಿದೇಶೀ ಆಯುಧಗಳ ಆಮದು ನಿಂತುಹೋಯಿತು. ಅದಕ್ಕೆ ಮೊದಲು ಬಂದವುಗಳು ಎಷ್ಟಿದ್ದುವೋ ಅಷ್ಟೇ. ಆದಕಾರಣ ಸವೆದ ವಿಲಾಯತಿಗೂ ಸವೆಯದ ದೇಶೀಯದಕ್ಕಿಂತ ಹೆಚ್ಚು ಬೆಲೆ. ಇದು ಗುಣದ ಬೆಲೆಯಲ್ಲ, ವಿರಳತೆಯ ಬೆಲೆ. ಮೈಮೇಲಿನ ಮುದ್ರೆಗಳನ್ನು ಓದಬಲ್ಲವನು ಮಾತ್ರ ಇವೆರಡನ್ನು ಬೇರ್ಪಡಿಸಬಲ್ಲನು. ಕಿರೀಟದ ಕೆಳಗೆ ಬಿ. ಪಿ., ಬಿ. ವಿ. ಎಂಬ ಅಕ್ಷರಗಳಿದ್ದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ ಪರೀಕ್ಷಿಸಲ್ಪಟ್ಟದ್ದು. 1813ರಲ್ಲಿ ಸ್ಥಾಪಿತವಾದ ಆ ಆಲಯದ ಮುದ್ರೆಯಿಲ್ಲದೆ ಅಲ್ಲಿಯ ಬಂದೂಕು ಮಾರಾಟವಾಗುವಂತಿರಲಿಲ್ಲ. ಎನ್. ಪಿ. ಎಂದಿದ್ದರೆ ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ತಾಳಿದ್ದು. ಅದಿಲ್ಲದ ಬಹಳ ಹಳೆಯದು ಕರಿಮದ್ದಿನ ಕಾಲಕ್ಕೆಂದು ಮಾಡಿದ್ದಾಗಿರಬಹುದು. ಇಂದಿನ ತೋಟೆಯು ಅದರಲ್ಲಿ ಹೋಗುತ್ತದೆಯೆಂದಮಾತ್ರಕ್ಕೆ ಹಾರಿಸತಕ್ಕದ್ದಲ್ಲ. ಅಂಡಾಕಾರದೊಳಗೆ ಇ. ಎಲ್. ಜಿ. ಎಂದಿದ್ದರೆ ಅದು ಬೆಲ್ಜಿಯಮ್ಮಿನ ಲಿಯೇಜಿನದು. ವೆಬ್ಲಿಯ ‘ಬುಲ್‌ಡಾಗ್’ ಮಾದರಿಯನ್ನು ಅಲ್ಲಿಯವರು ಅಗ್ಗವಾಗಿ ಅನುಕರಿಸಿ ಲೋಕಕ್ಕೆಲ್ಲ ಹರಡಿದ್ದರು. .32 ಎಂದರೂ ಗಿಡ್ಡ ತೋಟೆಯದು ಬೇರೆ, ನೀಳ ತೋಟೆಯದು ಬೇರೆ. ಇಲ್ಲಿ ತಯಾರಾಗುವುದು ನೀಳದ್ದು. ತೋಟೆಯೇ ಹೊಗದ ರಿವಾಲ್ವರು ಕಾಗದದ ಭಾರಕ್ಕಷ್ಟೇ ಉಪಯೋಗ.

ಕರಾವಳಿಯ ಹವೆಯ ವಿಚಾರವನ್ನೂ ಮರೆಯಲಾಗದು. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ. ಪೆಟ್ಟಿಗೆಯಲ್ಲಿ ಚರ್ಮದ ಚೀಲದೊಳಗೆ ಮಲಗಿದ ಉಕ್ಕಿಗೆ ಚರ್ಮವು ಹೀರಿದ ತೇವವೇ ವೈರಿ. ಹೊರಮೈಯ ನೀಲಿ ಹೊಳಪನ್ನು ಹೊಸದಾಗಿ ಬಳಿಸಬಹುದು, ನಳಿಗೆಯೊಳಗಿನ ತುಕ್ಕಿನ ಕುಳಿಗಳನ್ನು ಮುಚ್ಚಲಾಗದು. ಆದುದರಿಂದ ವಿಪರೀತ ಹೊಳೆಯುವ ಹಳೆಯ ರಿವಾಲ್ವರನ್ನು ಮಂಕಾದುದಕ್ಕಿಂತ ಹೆಚ್ಚು ಸಂಶಯದಿಂದ ನೋಡತಕ್ಕದ್ದು. ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡ ಬಳಿಕ, ಬಲ್ಲ ಕಮ್ಮಾರನು ಕುದುರೆಯನ್ನು ಎಳೆದು ನಿಲ್ಲಿಸಿ ಗುಂಡುಮನೆಯನ್ನು ಬೆರಳಿನಿಂದ ಅಲುಗಾಡಿಸಿ ನೋಡುವನು. ಒಂದೊಂದು ಕೋಣೆಯೂ ನಳಿಗೆಗೆ ನೇರವಾಗಿ ನಿಲ್ಲದೆ ಹೋದರೆ ಸೀಸವು ಅಂಚಿಗೆ ತಾಗಿ ಪಕ್ಕಕ್ಕೆ ಸಿಡಿಯುವುದು. ವೆಬ್ಲಿಯಲ್ಲಿ ಮೇಲಿನ ಅಗಳಿ ಸಡಿಲವಾಗಿದ್ದರೆ ಬೇರೇನನ್ನೂ ಪರೀಕ್ಷಿಸುವ ಆವಶ್ಯಕತೆಯೇ ಇಲ್ಲ.

ಶುಕ್ರನೀತಿಯಲ್ಲಿ ನಾಲಿಕಾಸ್ತ್ರವೂ ಅಗ್ನಿಚೂರ್ಣವೂ ವರ್ಣಿತವಾಗಿವೆಯೆಂದು ಅಭಿಮಾನಪಡುವವರುಂಟು. ಆ ಭಾಗವು ಅರ್ವಾಚೀನವೆಂಬುದೇ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ನಮ್ಮ ಗೃಹಸ್ಥನಿಗೆ ಅದಕ್ಕಿಂತ ಹತ್ತಿರದ ದೃಷ್ಟಾಂತವೆಂದರೆ ವಿರಾಟನಗರದ ಹೊರಗಣ ಶಮೀವೃಕ್ಷ. ಪಾಂಡವರು ಊರು ಹೊಗುವ ಮುನ್ನ ಆಯುಧಗಳನ್ನು ಅಲ್ಲಿರಿಸಿದರಷ್ಟೆ. ಇಂದು ಚುನಾವಣೆ ಬಂದಾಗಲೆಲ್ಲ ಅನುಜ್ಞೆಯುಳ್ಳವರು ತಮ್ಮ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕಾಗುತ್ತದೆ. ಹಂದಿ, ಮಂಗಗಳಿಗೆ ಚುನಾವಣೆಯಿಲ್ಲವೆಂದು ದಕ್ಷಿಣ ಕನ್ನಡದ ಕೃಷಿಕರು ಗೊಣಗುವುದರಲ್ಲಿ ನ್ಯಾಯವಿಲ್ಲದಿಲ್ಲ.

ಇನ್ನು ಕೊಳ್ಳುವ ಕ್ರಮ. ಮಾರುವವನಲ್ಲಿ ಆ ಆಯುಧವು ನ್ಯಾಯವಾಗಿಯೇ ಇದೆಯೆಂಬುದನ್ನು ಅವನ ಅನುಜ್ಞಾಪತ್ರದಲ್ಲಿ ಬರೆದ ಸಂಖ್ಯೆಯೊಡನೆ ನಳಿಗೆಯ ಮೇಲಿನ ಸಂಖ್ಯೆಯನ್ನು ಹೋಲಿಸಿ ಅರಿಯಬೇಕು. ಕೊಳ್ಳುವವನಲ್ಲಿಯೂ ಅನುಜ್ಞೆ ಇರಬೇಕು. 2019ರಿಂದ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿಗಳಿಲ್ಲ. ಕೊಡಗಿನ ನೆಂಟನು ಅನುಜ್ಞೆಯಿಲ್ಲದೆ ನ್ಯಾಯವಾಗಿ ಇಟ್ಟುಕೊಂಡದ್ದೂ ಹಂಪನಕಟ್ಟೆಯವನ ಕೈಗೆ ಹಾಗೆಯೇ ಬರಲಾರದು, ವಿನಾಯಿತಿಯು ಮನುಷ್ಯನಿಗೆ ಕೊಟ್ಟದ್ದು, ವಸ್ತುವಿಗಲ್ಲ. ತಂದೆ ತೀರಿಕೊಂಡಿದ್ದರೆ, ಮಗನು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗಿರಾಕಿಯನ್ನು ಹುಡುಕುವಂತಿಲ್ಲ. ವಿಳಂಬಮಾಡದೆ ಠಾಣೆಯಲ್ಲಾಗಲಿ ಅನುಜ್ಞೆಯುಳ್ಳ ವ್ಯಾಪಾರಿಯಲ್ಲಾಗಲಿ ಇರಿಸಬೇಕು, ಬಳಿಕ ತನ್ನ ಹೆಸರಿಗೆ ಅನುಜ್ಞೆಯನ್ನು ಬೇಡಬೇಕು ಅಥವಾ ಮಾರಬೇಕು. ನಿಯಮಿತ ಅವಧಿಯೊಳಗೆ ಎರಡೂ ಆಗದಿದ್ದರೆ ಅದು ಸರಕಾರಕ್ಕೆ ಮುಟ್ಟುಗೋಲಾಗಬಹುದು. ಹಾಗೆ ನೋಡಿದರೆ, ತಂದೆಯ ಕಾಲದ್ದೆಂದು ಮೇಜಿನ ಮೇಲೆ ತಂದಿಟ್ಟ ಪರಿಚಿತರನ್ನು ಗೃಹಸ್ಥನು ಮೊದಲು ಕೇಳಬೇಕಾದದ್ದು, ತಂದೆಯವರು ಇದ್ದಾರೆಯೇ ಎಂಬುದನ್ನು. ಇದ್ದು, ಅವರೇ ಮಾರಲೊಪ್ಪಿದರೆ, ಕೊಳ್ಳುವವನ ಹೆಸರು ವಿಳಾಸಗಳನ್ನು ಅವರು ಬರಹಮೂಲಕ ಕಮಿಷನರನಿಗೋ ಹತ್ತಿರದ ಠಾಣಾಧಿಕಾರಿಗೋ ತಿಳಿಸಬೇಕು. ತಿಳಿಸಿ ನಾಲ್ವತ್ತೈದು ದಿನಗಳು ಕಳೆಯುವ ತನಕ ರಿವಾಲ್ವರು ಕೈಬದಲಾಗತಕ್ಕದ್ದಲ್ಲ.