ಮಾನಸೋಲ್ಲಾಸ ಮತ್ತು ಗಡಿನಾಡಿನ ಹಾಡು

ಹಿರಿಯ ಕಾವ್ಯಕ್ಕೆ ಸ್ಫೂರ್ತಿ ಹಳೆಯ ಗ್ರಂಥಗಳಿಂದಲೇ ಬರಬೇಕೆಂದಿಲ್ಲ. ತತ್ಕಾಲದ ಜನರ ಹಾಡಿನಿಂದಲೂ ಬರುವುದುಂಟು. ಉಮರ್ಗಾ, ನಿಲಂಗಾಗಳಿಗೆ ನೆರೆಯದಾದ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು (1126–1138) ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಅಂದಿನ ಉಡುಗೆ, ಒಡವೆ, ಚಿತ್ರ, ನೃತ್ಯಗಳೊಡನೆ ಜನರ ಹಾಡನ್ನೂ ವಿವರಿಸಿದ್ದಾನೆ. ಕಥೆಗೆ ಷಟ್ಪದಿ, ಮದುವೆಗೆ ಧವಳ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಎಂಬುದು ಅವನ ಹೇಳಿಕೆ. ಮುಂದೆ ರಾಘವಾಂಕನು ಷಟ್ಪದಿಯಲ್ಲಿ ‘ಹರಿಶ್ಚಂದ್ರ ಕಾವ್ಯ’ವನ್ನೂ, ಜ್ಞಾನೇಶ್ವರರು 1290ರಲ್ಲಿ ಓವಿಯಲ್ಲಿ ‘ಜ್ಞಾನೇಶ್ವರಿ’ಯನ್ನೂ ರಚಿಸಿದರು. ಒನಕೆಯ ಹಾಡು ಗೀತೆಯ ವ್ಯಾಖ್ಯಾನಕ್ಕೆ ಛಂದಸ್ಸಾಯಿತು.

1956ರಲ್ಲಿ ಬೀದರ ಜಿಲ್ಲೆಯ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಅಜ್ಜಿಯರ ಬಾಯಲ್ಲಿ ಉಳಿದಿರುವ ತ್ರಿಪದಿ, ಓವಿಗಳನ್ನು ಶಿಕ್ಷಕರಾದ ನಾವು ಈಗಲೇ ಬರೆದಿಡಬೇಕು; ಎರಡು ಭಾಷೆಯವನ್ನೂ ಒಂದೇ ವಹಿಯಲ್ಲಿ.